ಏಳು ಐದು ಸೊನ್ನೆ ಸೊನ್ನೆ

“ಈಗ ಎಲ್ಲಿ ಅದಾರೋ ತಮ್ಮಾ?”

ಸತ್ತೆವ್ವ ಹೀಗೆ ಕೇಳಿದ್ದು ಇದು ಐದನೆಯ ಸಲ. ಯಲ್ಲಾಲಿಂಗ ಬೇಸರಪಡಲಿಲ್ಲ. ಮೊಬೈಲನ್ನು ಅವಳ ಕಡೆ ತಿರುಗಿಸಿ, ನಕಾಶೆಯ ಮೇಲೆ ತೆವಳುತ್ತಿದ್ದ ಹಳದಿ ಬಣ್ಣದ ಪುಟ್ಟ ವಿಮಾನವನ್ನು ತೋರಿಸಿದ.

“ಜಾಲನಾ ದಾಟೇತಿ ನೋಡ ಆಯಿ. ಮೂವತ್ತೈದ ಸಾವಿರ ಫೂಟ ಮ್ಯಾಲ ಐತಿ.”

“ಅಷ್ಟ ಮ್ಯಾಲ ಯಾಕ ಹೋಗಬೇಕೋ ಮಾರಾಯಾ? ಸ್ವಲ್ಪ ಕೆಳಗ ಹೋದ್ರ ಏನ ಗಂಟ ಹೋಗ್ತೈತಿ ಅವರದು?”

ಯಮಕನಮರಡಿಯ ಹೆದ್ದಾರಿ ಬದಿಯಲ್ಲಿ ಯಲ್ಲಾಲಿಂಗನ ಕಾಟಾ ಇದೆ. ಕಬ್ಬಿನ ಟ್ರ್ಯಾಕ್ಟರು, ಮರಳಿನ ಲಾರಿಗಳನ್ನು ತೂಗಿ ಚೀಟಿ ಕೊಡುವುದು ಅವನ ಕಸುಬು. ಜೀವ ಇರುವುದು ಮಾತ್ರ ಆಕಾಶದಲ್ಲಿ. ಕಾಟಾದ ತಗಡಿನ ಮೇಲೆ ಒಂದು ಆಂಟೆನಾ ನಿಲ್ಲಿಸಿದ್ದ. ಸುತ್ತ ಇನ್ನೂರು ಮೈಲಿಯಲ್ಲಿ ಹಾರುವ ವಿಮಾನಗಳ ಸಂಕೇತ ಅದಕ್ಕೆ ಸಿಗುತ್ತಿತ್ತು. ಅದನ್ನು ಅವನು ಒಂದು ಕಂಪನಿಗೆ ಕಳಿಸುತ್ತಿದ್ದ, ಪ್ರತಿಯಾಗಿ ಆ ಕಂಪನಿ ಲೋಕದ ಎಲ್ಲ ವಿಮಾನಗಳನ್ನೂ ಅವನ ಮೊಬೈಲಿನಲ್ಲಿ ಪುಕ್ಕಟೆ ತೋರಿಸುತ್ತಿತ್ತು. ಊರವರು ಅವನಿಗೆ ‘ಇಮಾನದ ಯಲ್ಲಪ್ಪ’ ಎಂದು ಹೆಸರಿಟ್ಟಿದ್ದರು. ಸ್ವತಃ ಇಮಾನದ ಯಲ್ಲಪ್ಪ ಇನ್ನೂ ಒಮ್ಮೆಯೂ ವಿಮಾನ ಹತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹೀಗಾಗಿ ಊರಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಯಾರಾದರೂ ವಿಮಾನದಲ್ಲಿ ಹೊರಟರೆ ಅವರ ಮನೆಯವರು ಕಾಟಾಕ್ಕೆ ಬಂದು ಬೆಂಚಿನ ಮೇಲೆ ಕೂರುವುದು, ವಿಮಾನ ಇಳಿಯುವ ತನಕ ನೋಡುವುದು, ಇಳಿಯಿತು ಅಂದಮೇಲೆ ಏಳುವುದು. ಹೋದ ವರ್ಷ ಹಜ್‌ಗೆ ಹೋದವರ ಮನೆಮಂದಿ ಡಬ್ಬಿ ಕಟ್ಟಿಕೊಂಡೇ ಬಂದಿದ್ದರು.

ಇಂದಿನ ಸರದಿ ಸತ್ತೆವ್ವನದು. ನಲವತ್ತು ವರ್ಷ ಮಂದಿಯ ಹೊಲದಲ್ಲಿ ದುಡಿದ ಅವಳ ಗಂಡ ಹನಮಂತ ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಿದ್ದ. ಹುಕ್ಕೇರಿಯ ದವಾಖಾನೆಯಲ್ಲಿ ನರ್ಸ್ ಆಗಿರುವ ಮಗಳು ಆಮ್ರಪಾಲಿ ಅಪ್ಪನಿಗೆ ಬುದ್ಧಗಯಾ ತೋರಿಸಲು ಪುಣೆಯಿಂದ ಪಟ್ನಾಕ್ಕೆ ಕರೆದೊಯ್ಯುತ್ತಿದ್ದಳು. ಸತ್ತೆವ್ವನಿಗೂ ಟಿಕೆಟ್ ತೆಗೆಸುತ್ತೇನೆ ಎಂದಿದ್ದಳು. “ನಾ ನೆಲಾ ಬಿಟ್ಟ ಬರಾಂಗಿಲ್ಲ” ಎಂದು ಈಕೆ ಹಟ ಹಿಡಿದಿದ್ದಳು. ಆದರೂ ಇವತ್ತು ಬೆಳಿಗ್ಗೆ ಮಿಂದು, ಬುದ್ಧವಿಹಾರಕ್ಕೆ ಹೋಗುವಾಗ ಉಡುವ ಬಿಳಿ ಸೀರೆ ಉಟ್ಟು, ಸ್ಟೀಲಿನ ಡಬ್ಬಿಯಲ್ಲಿ ಚುರಮರಿ ತುಂಬಿಕೊಂಡು ಬಂದಿದ್ದಳು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ವಿಮಾನ ನಾಗಪುರದ ಹತ್ತಿರ ಬಂದಾಗ, ಅದು ಕೆಂಪಾಯಿತು.

ಯಲ್ಲಾಲಿಂಗ ಕಣ್ಣುಜ್ಜಿಕೊಂಡ. ಪ್ರತಿ ವಿಮಾನಕ್ಕೂ ನೆಲದ ಮೇಲಿನ ನಿಯಂತ್ರಣ ಕೇಂದ್ರದವರು ನಾಲ್ಕು ಅಂಕಿಯ ಒಂದು ನಂಬರು ಕೊಡುತ್ತಾರೆ, ಪೈಲಟ್ ಅದನ್ನು ಯಂತ್ರದಲ್ಲಿ ಹಾಕಿಕೊಳ್ಳುತ್ತಾನೆ. ಈ ವಿಮಾನದ ನಂಬರು ಈಗ ಏಳು ಐದು ಸೊನ್ನೆ ಸೊನ್ನೆ ಎಂದು ತೋರಿಸುತ್ತಿತ್ತು. ಆ ನಂಬರಿಗೆ ಜಗತ್ತಿನಾದ್ಯಂತ ಒಂದೇ ಅರ್ಥ, ವಿಮಾನವನ್ನು ಯಾರೋ ಅಪಹರಿಸಿದ್ದಾರೆ. ಹನ್ನೊಂದು ವರ್ಷಗಳಿಂದ ಯಲ್ಲಾಲಿಂಗ ಆಕಾಶ ಕಾಯುತ್ತಿದ್ದ. ಈ ನಂಬರನ್ನು ಒಮ್ಮೆಯೂ ಕಂಡಿರಲಿಲ್ಲ.

ಆಗ ಅವನಿಗಾದದ್ದು ಸಂತೋಷ. ಮುಚ್ಚಿಟ್ಟು ಏನು ಮಾಡುವುದು, ಶುದ್ಧ ಸಂತೋಷ. ಬೇರೆ ಯಾರಾದರೂ ನೋಡುವ ಮೊದಲು ತಾನೇ ಹೇಳಬೇಕು ಅನ್ನುವುದೊಂದೇ ತಲೆಯಲ್ಲಿ. ಮೊಬೈಲಿನ ತೆರೆಯ ಫೋಟೊ ಹಿಡಿದ. ವಿಮಾನಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದ. ‘7500! ಪುಣೆ–ಪಟ್ನಾ ವಿಮಾನ ಹೈಜಾಕ್! ಮೊದಲು ನೋಡಿದ್ದು ಯಮಕನಮರಡಿ!’ ಎಂದು ಬರೆದ.

“ಏನಾತೋ? ನಗಾಕತ್ತಿಯಲ್ಲ?” ಸತ್ತೆವ್ವ ಕೇಳಿದಳು.

“ಏನಿಲ್ಲ ಆಯಿ.” ಅವನು ಮೊಬೈಲನ್ನು ಎದೆಯ ಕಡೆ ತಿರುಗಿಸಿಕೊಂಡ.

ಗುಂಪಿನಲ್ಲಿ ನಾನೂರು ಜನ. ಅಷ್ಟೂ ಜನ ಒಮ್ಮೆಲೇ ಎದ್ದರು. ಬೆಂಕಿಯ ಚಿತ್ರಗಳು, ಚಪ್ಪಾಳೆಯ ಚಿತ್ರಗಳು. ವಿಮಾನ ಯಾವ ಮಾದರಿಯದು, ಎಂಜಿನ್ ಯಾವುದು, ಎಷ್ಟು ವರ್ಷ ಹಳೆಯದು, ಎಲ್ಲಿಗೆ ತಿರುಗಬಹುದು? ‘ಯಲ್ಲಪ್ಪಣ್ಣ ಜಿಂದಾಬಾದ್.’ ‘ಭಾಗ್ಯವಂತ ನೀನು.’ ಒಳಗೆ ಎಷ್ಟು ಜನರಿದ್ದಾರೆ ಎಂದು ಒಬ್ಬನೂ ಕೇಳಲಿಲ್ಲ. ಯಲ್ಲಾಲಿಂಗನೂ ಕೇಳಿಕೊಳ್ಳಲಿಲ್ಲ. ಒಳಗಿದ್ದವನ ಹೆಂಡತಿ ಒಂದು ಮೊಳ ದೂರದಲ್ಲಿ ಕೂತು ಚುರಮರಿಯ ಡಬ್ಬಿ ತೆರೆಯುತ್ತಿದ್ದಳು.

ಮತ್ತೆ ತೆರೆ ನೋಡಿದಾಗ ವಿಮಾನ ಹಳದಿಗೆ ತಿರುಗಿತ್ತು. ನಂಬರು ಬೇರೆಯಾಗಿತ್ತು. ಕೆಂಪಾಗಿದ್ದದ್ದು ಒಟ್ಟು ನಲವತ್ತು ಸೆಕೆಂಡು. ಹೊಸ ನಂಬರು ಹಾಕುವಾಗ ಪೈಲಟ್ಟನ ಬೆರಳು ಒಂದು ಅಂಕಿಯಲ್ಲಿ ತಪ್ಪಿತ್ತು, ತಿದ್ದಿಕೊಂಡಿದ್ದ, ಅಷ್ಟೇ. ಹೀಗಾಗುತ್ತದೆ. ಹೀಗಾಗುತ್ತದೆ ಎಂದೇ ಗುಂಪಿನ ಹಿರಿಯರಾದ ಗೋಕಾಕದ ಸದಾಶಿವ, ವಾಯುಪಡೆಯಲ್ಲಿ ಇಪ್ಪತ್ತು ವರ್ಷ ರೇಡಾರ್ ರಿಪೇರಿ ಮಾಡಿದವರು, ಒಂದು ನಿಯಮ ಹಾಕಿದ್ದರು. ಕೆಂಪು ಕಂಡರೆ ಮೂರು ನಿಮಿಷ ಕಾಯಬೇಕು, ಆಮೇಲೆ ಬಾಯಿ ತೆರೆಯಬೇಕು.

ಮೂರು ನಿಮಿಷ ಕಾದಿದ್ದರೆ ಸಾಕಿತ್ತು. ‘ತಪ್ಪು ಕೋಡ್, ಕ್ಷಮಿಸಿ’ ಎಂದು ಬರೆಯಲು ಈಗಲಾದರೂ ಒಂದು ನಿಮಿಷ ಸಾಕಿತ್ತು. ಆದರೆ ಚಪ್ಪಾಳೆಗಳು ಇನ್ನೂ ಬರುತ್ತಿದ್ದವು. ಯಲ್ಲಾಲಿಂಗ ಚುರಮರಿ ತಿನ್ನುತ್ತ ಅವನ್ನು ಓದುತ್ತ ಕೂತ.

ಕಾಲು ಗಂಟೆಯಲ್ಲಿ ಸತ್ತೆವ್ವನ ಫೋನು ಹೊಡೆದುಕೊಂಡಿತು. ಮೂಡಲಗಿಯಿಂದ ಅವಳ ತಮ್ಮ ಬಸವಣ್ಣೆಪ್ಪ. ಅವನ ಧ್ವನಿ ಯಲ್ಲಾಲಿಂಗನಿಗೂ ಕೇಳಿಸುವಷ್ಟು ಜೋರಾಗಿತ್ತು.

“ಯಕ್ಕಾ, ಮಾಮಾನ ಇಮಾನಾ ಯಾರೋ ಹೊತ್ತಕೊಂಡ ಹೋಗ್ಯಾರಂತ! ಮೊಬೈಲದಾಗ ಫೋಟೊ ಬಂದೈತಿ! ಊರಾಗೆಲ್ಲಾ ಅದ ಮಾತ!”

ಡಬ್ಬಿ ಕೆಳಗೆ ಬಿತ್ತು. ಸತ್ತೆವ್ವ ಅಳಲಿಲ್ಲ. ಬೆಂಚಿನಿಂದ ಜಾರಿ ನೆಲಕ್ಕೆ ಕೂತು, ಯಲ್ಲಾಲಿಂಗನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

“ನೀ ಹೇಳೋ ತಮ್ಮಾ. ಖರೆ ಏನದು? ನೀ ಹೇಳಿದ್ರ ನಂಬತೇನಿ.”

“ಸುಳ್ಳ ಆಯಿ. ಸುಳ್ಳ ಐತಿ. ನೋಡ ಇಲ್ಲಿ, ಸರಳ ಹೊಂಟೈತಿ ಇಮಾನ.”

“ಹೊತ್ತಕೊಂಡ ಹೋಗಾವ್ರೂ ಸರಳ ಹೋಗತಾರಲ್ಲೋ.”

ಹನ್ನೊಂದು ವರ್ಷಗಳಲ್ಲಿ ಅವನ ಮೊಬೈಲನ್ನು ಯಾರೂ ಅನುಮಾನಿಸಿರಲಿಲ್ಲ.

“ಮತ್ತ ಆ ಫೋಟೊ ಯಾರ ಕಳಿಸಿದ್ರು?” ಅವಳು ಕೇಳಿದಳು.

ಹೇಳುವುದಿದ್ದರೆ ಇದೇ ಹೊತ್ತು ಹೇಳಬೇಕಿತ್ತು. ‘ನಾನೇ ಕಳಿಸಿದ್ದು, ನನ್ನದೇ ತಪ್ಪು, ನಂಬರು ಆಗಲೇ ಸರಿಯಾಗಿದೆ’ ಎಂದಿದ್ದರೆ ಅವಳ ಹೆದರಿಕೆ ಅಲ್ಲಿಗೇ ಮುಗಿಯುತ್ತಿತ್ತು.

“ಯಾವನೋ ಖೋಡಿ ಆಯಿ,” ಎಂದ ಯಲ್ಲಾಲಿಂಗ. “ಕೆಲಸ ಇಲ್ಲದಾವ.”

“ಅವನ ಬಾಯಾಗ ಮಣ್ಣ ಬೀಳ್ಲಿ,” ಎಂದಳು ಸತ್ತೆವ್ವ, ಅವನ ಕೈ ಬಿಡದೆ.

ಇಳಿಯಲು ಇನ್ನೂ ಒಂದು ತಾಸಿತ್ತು. ಆ ಒಂದು ತಾಸು ಅವಳು ಕೈ ಬಿಡಲಿಲ್ಲ. ಎದುರಿನ ಗ್ಯಾರೇಜಿನ ಮಲ್ಲೇಶ ಬಂದ, ಅವನ ಹಿಂದೆ ನಾಲ್ಕು ಜನ ಬಂದರು. ಎಲ್ಲರ ಮೊಬೈಲಿನಲ್ಲೂ ಅದೇ ಕೆಂಪು ವಿಮಾನ. ಕೈಯಿಂದ ಕೈಗೆ ದಾಟುವಾಗ ಯಾರೋ ಬರಹ ಕತ್ತರಿಸಿದ್ದರು, ಯಮಕನಮರಡಿಯ ಹೆಸರು ಉಳಿದಿರಲಿಲ್ಲ. ಅದನ್ನು ನೋಡಿ ಯಲ್ಲಾಲಿಂಗನಿಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಇವತ್ತಿಗೂ ಅವನಿಗೆ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಒಂದು ಕಬ್ಬಿನ ಟ್ರ್ಯಾಕ್ಟರು ಬಂದು ಹಾರ್ನ್ ಹೊಡೆದು ಹೊಡೆದು, ತೂಕ ಮಾಡಿಸದೆ ಮುಂದೆ ಹೋಯಿತು.

ಗುಂಪಿನಲ್ಲಿ ಸದಾಶಿವರ ಮಾತು ಬಂದು ಬಿದ್ದಿತ್ತು. ‘ಯಲ್ಲಾಲಿಂಗ, ಒಳಗ ಮಂದಿ ಅದಾರ. ಅವರಿಗೆ ಮನಿ ಅದಾವ. ತಪ್ಪಾತು ಅಂತ ಬರಿ.’ ಅವನು ಬರೆಯಲಿಲ್ಲ. ಒಂದು ಕೈ ಸತ್ತೆವ್ವನ ಹಿಡಿತದಲ್ಲಿತ್ತು ಎಂದು ತನಗೆ ತಾನೇ ನೆಪ ಹೇಳಿಕೊಂಡ. ಇನ್ನೊಂದು ಕೈ ಖಾಲಿ ಇತ್ತು.

ಹತ್ತೂವರೆಗೆ ವಿಮಾನ ಇಳಿಯಿತು. ಆಮ್ರಪಾಲಿ ಫೋನು ಎತ್ತಿದ್ದು ಹತ್ತೂ ಮುಕ್ಕಾಲಿಗೆ. “ಇಳದೇವಿ ಯವ್ವಾ,” ಎಂದಳು. ಸತ್ತೆವ್ವ ಆಗ ಅತ್ತಳು. “ಯಾಕ ಅಳಾಕತ್ತಿ?” ಎಂದು ಮಗಳು ಕೇಳುತ್ತಲೇ ಇದ್ದಳು. ಅತ್ತು ಮುಗಿಸಿ, ಚೆಲ್ಲಿದ ಚುರಮರಿಯನ್ನು ಬಳಿದು ಹಾಕಿ, ಹೋಗುವ ಮುಂಚೆ ಯಲ್ಲಾಲಿಂಗನ ಕೆನ್ನೆಗೆ ಎರಡೂ ಕೈ ತಾಗಿಸಿ ನೆಟಿಗೆ ಮುರಿದಳು. “ನೀ ಬಾಜೂಕ ಇದ್ದಿ ಅಂತ ಜೀವ ಹಿಡಕೊಂಡೆ,” ಎಂದಳು.

ಎಂಟು ದಿನದ ಮೇಲೆ ಗಂಡ ಹೆಂಡತಿ ಇಬ್ಬರೂ ಕಾಟಾಕ್ಕೆ ಬಂದರು. ಹನಮಂತ ಹೊಸ ಅಂಗಿ ತೊಟ್ಟಿದ್ದ. ಜೇಬಿನಿಂದ ಒಂದು ಹೊಳೆಯುವ ರಟ್ಟನ್ನು ತೆಗೆದು ಬಹಳ ಗುಟ್ಟಿನಿಂದ ಯಲ್ಲಾಲಿಂಗನ ಕೈಗಿಟ್ಟ. ವಿಮಾನದ ಸೀಟಿನ ಹಿಂದೆ ಇಟ್ಟಿರುವ, ಅಪಾಯವಾದರೆ ಹೇಗೆ ಹೊರಬರಬೇಕೆಂದು ಚಿತ್ರದಲ್ಲಿ ತೋರಿಸುವ ರಟ್ಟು.

“ನಿನಗಂತ ತಂದೇನಿ. ಮಗಳಿಗೆ ಹೇಳಬ್ಯಾಡ, ಬೈತಾಳ,” ಎಂದ. “ಈಗ ಒಂದ ಕೆಲಸ ಮಾಡ. ನಾವ ಹೋದ ಹಾದಿ ನಿನ್ನ ಮೊಬೈಲದಾಗ ಮತ್ತ ಕಾಣತೈತಂತಲ್ಲ. ನಾಗಪುರ ತೋರಸ. ‘ಅಪ್ಪಾ, ಕೆಳಗ ನಾಗಪುರ’ ಅಂದ್ಲು ಆಮ್ರಪಾಲಿ. ಬಾಬಾಸಾಹೇಬರು ದೀಕ್ಷಾ ತಗೊಂಡ ಊರಲ್ಲೇನು? ಕುಂತಲ್ಲೇ ಕೈ ಮುಗದ್ನಿ ನೋಡ. ಆ ಜಾಗಾ ಈಕಿಗೆ ತೋರಸಬೇಕ.”

ಯಲ್ಲಾಲಿಂಗ ಇಲ್ಲವೆನ್ನಲು ಕಾರಣ ಹುಡುಕಿದ. ನೆಟ್‌ವರ್ಕ್ ಇಲ್ಲವೆನ್ನಬಹುದಿತ್ತು. ಇಬ್ಬರೂ ಅಷ್ಟು ಹತ್ತಿರ ಬಂದು ಕೂತಿದ್ದರು. ಅವನು ಆ ದಿನದ ಹಾರಾಟವನ್ನು ತೆರೆದು ಒತ್ತಿದ. ಹಳದಿ ವಿಮಾನ ಪುಣೆಯಿಂದ ಎದ್ದು, ಜಾಲನಾ ದಾಟಿ, ನಾಗಪುರದ ಹತ್ತಿರ ಬಂತು. ಕೆಂಪಾಯಿತು.

“ಇಲ್ಲೇ, ಇಲ್ಲೇ!” ಎಂದ ಹನಮಂತ.

ಸತ್ತೆವ್ವ ಬಗ್ಗಿ ನೋಡಿದಳು. ಅವಳಿಗೆ ಓದಲು ಬಾರದು. ಆದರೆ ಆ ಕೆಂಪನ್ನು ಅವಳು ಆವತ್ತು ಐದು ಜನರ ಮೊಬೈಲಿನಲ್ಲಿ ನೋಡಿದ್ದಳು.

“ಇದು ಆ ಫೋಟೊದಾಗಿನ್ದ ಅಲ್ಲೇನೋ ತಮ್ಮಾ? ನಿನ್ನ ಮೊಬೈಲದಾಗ ಹೆಂಗ ಬಂತು?”

“ನಾನ ಕಳಿಸಿದ್ದು ಆಯಿ.” ಯಲ್ಲಾಲಿಂಗ ಕೈಯಲ್ಲಿದ್ದ ರಟ್ಟನ್ನು ನೋಡುತ್ತ ಹೇಳಿದ. “ಪೈಲಟ್ ನಂಬರ ತಪ್ಪ ಹಾಕಿದ್ದ. ಒಂದ ನಿಮಿಷದಾಗ ಸರಿ ಮಾಡಿದ. ನನಗ ಗೊತ್ತಾತು. ಗೊತ್ತಾದ್ರೂ ಹೇಳಲಿಲ್ಲ.”

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

“ನಾ ನಿನ್ನ ಬಾಜೂಕ ಕುಂತಿದ್ನಲ್ಲೋ,” ಎಂದಳು ಸತ್ತೆವ್ವ. “ನೀ ನಕ್ಕಿದ್ದಿ.”

ಹನಮಂತನಿಗೆ ಇದ್ಯಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಬಿದ್ದಿದ್ದರೂ ತೋರಿಸಿಕೊಳ್ಳಲಿಲ್ಲ. ತೆರೆಯ ಮೇಲಿಂದ ಕಣ್ಣು ತೆಗೆಯದೆ, “ಮೊದಲಿಂದ ಇನ್ನೊಮ್ಮಿ ತೋರಸ,” ಎಂದ.

ಯಲ್ಲಾಲಿಂಗ ಒತ್ತಿದ. ವಿಮಾನ ಪುಣೆಯಿಂದ ಮತ್ತೆ ಎದ್ದಿತು. ಸತ್ತೆವ್ವ ಎದ್ದು ಹೋಗಲಿಲ್ಲ, ಬೆಂಚಿನ ತುದಿಗೆ ಸರಿದು ಕೂತು ಸೆರಗನ್ನು ಮಡಿಲಿಗೆಳೆದುಕೊಂಡಳು. ಹನಮಂತ ಆಗಲೇ ಎರಡೂ ಕೈ ಜೋಡಿಸಿಕೊಂಡಿದ್ದ. ನಾಗಪುರ ಇನ್ನೂ ಎರಡು ಬೆರಳು ದೂರವಿತ್ತು.