ಮೂರನೆಯ ತಗ್ಗು

ಅಪ್ಪ ಮೂವತ್ತು ವರ್ಷ ಬೆಟ್ಟ ಬರೆದವನು, ಆದರೆ ಒಂದು ಬೆಟ್ಟವನ್ನೂ ಹತ್ತಿದವನಲ್ಲ. ನಕಾಶೆ ಕಚೇರಿಯ ಮೂರನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಇಳಿಜಾರು ಮೇಜು ಅವನದು. ಅಷ್ಟು ವರ್ಷವೂ ಅವನು ಮಾಡಿದ್ದು ಒಂದೇ ಕೆಲಸ: ಎತ್ತರದ ಗೆರೆಗಳನ್ನು ಕಂದು ಶಾಯಿಯಲ್ಲಿ ಎಳೆಯುವುದು. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಸುಲಭದ ಇಳಿಜಾರು. ಗೆರೆ ಎಳೆಯುವಾಗ ಅವನು ಉಸಿರು ಕಟ್ಟುತ್ತಿದ್ದ. ಆ ಅಭ್ಯಾಸ ಮನೆಗೂ ಬಂದಿತ್ತು. ಸೂಜಿಗೆ ದಾರ ಪೋಣಿಸುವಾಗ, ಲೋಟಕ್ಕೆ ಹಾಲು ಬಗ್ಗಿಸುವಾಗಲೂ ಉಸಿರು ನಿಲ್ಲುತ್ತಿತ್ತು. “ಉಸಿರಾಡು ಮಾರಾಯ, ಹಾಲು ಓಡಿ ಹೋಗಲ್ಲ,” ಎಂದು ಅಮ್ಮ ಗದರುತ್ತಿದ್ದಳು.

ಅಚ್ಚು ಕೆಟ್ಟ ಹಾಳೆಗಳನ್ನು ಅವನು ಮನೆಗೆ ತರುತ್ತಿದ್ದ. ನಮ್ಮ ಅಡುಗೆಮನೆಯ ಕಪಾಟುಗಳಿಗೆಲ್ಲ ಅವೇ ಹಾಸು. ಸಕ್ಕರೆ ಡಬ್ಬಿ ಎತ್ತಿದರೆ ಕೆಳಗೊಂದು ನದಿ, ಉಪ್ಪಿನ ಜಾಡಿ ಎತ್ತಿದರೆ ಒಂದು ಶಿಖರ. ನನಗೆ ಓದು ಬರುವ ಮೊದಲೇ ಬೆಟ್ಟ ಓದಲು ಬಂದಿತ್ತು.

ನಾನು ಹೇಳುತ್ತಿರುವುದು ನನ್ನ ಇಪ್ಪತ್ತಾರನೆಯ ವಯಸ್ಸಿನ ಮಾತು. ಆಗ ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಪಕ್ಕದ ಮೇಜಿನವಳು ನನಗಿಂತ ಹತ್ತು ವರ್ಷ ದೊಡ್ಡವಳು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಹಾಗಾಗಿ ಎಲ್ಲರಿಗೂ ಉದ್ದಕ್ಕ. ವರ್ಷಕ್ಕೊಂದು ವಾರ ಇಬ್ಬರೂ ರಜೆ ಹಾಕಿ, ಬೆನ್ನಿಗೆ ಚೀಲ ಏರಿಸಿ ಬೆಟ್ಟಕ್ಕೆ ಹೋಗುತ್ತಿದ್ದೆವು. ನಾಲ್ಕು ವರ್ಷ ಗುರುತು ಹಾಕಿದ ಕಾಲುದಾರಿಗಳಲ್ಲೇ ನಡೆದಿದ್ದೆವು. ಐದನೆಯ ವರ್ಷ ಉದ್ದಕ್ಕ ಪಟ್ಟು ಹಿಡಿದಳು.

“ಈ ಸಲ ದಾರಿ ಇಲ್ಲದ ಕಡೆ ಹೋಗೋಣ. ಕಾಲುದಾರೀಲಿ ಮುಂದಿನವರ ಚೀಲ ನೋಡ್ಕೊಂಡೇ ನಡೆಯೋದಾಯ್ತು. ನನಗಂತೂ ಬೆಟ್ಟಕ್ಕಿಂತ ಚೀಲಗಳೇ ಜಾಸ್ತಿ ಪರಿಚಯ.”

ಒಂದು ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಹಾಳೆ ಬಿಚ್ಚಿದೆವು. ಸಾಲುಬೆಟ್ಟದ ಬೆನ್ನು ಮೂರು ಕಡೆ ತಗ್ಗಿತ್ತು. ಆಚೆ ಕಣಿವೆಗೆ ದಾಟಬೇಕಾದರೆ ಆ ಮೂರರಲ್ಲೇ ಒಂದನ್ನು ಆರಿಸಬೇಕು. ಮೊದಲನೆಯದರಲ್ಲಿ ಕಾಲುದಾರಿ ಇತ್ತು, ಅದು ಬೇಡ. ಎರಡನೆಯದರಲ್ಲಿ ದಾರಿ ಇಲ್ಲ, ಆದರೆ ಗೆರೆಗಳು ಒಂದರ ಮೈಮೇಲೆ ಒಂದು ಬಿದ್ದಂತೆ ಒತ್ತಾಗಿದ್ದವು. ಮೂರನೆಯದು ನೋಡಲು ಚೆಂದ. ಎರಡೂ ಬದಿಗೆ ಬಾಚಿದ ಕೂದಲಿನ ಹಾಗೆ ಸಮನಾಗಿ ಇಳಿದ ಗೆರೆಗಳು.

“ಇದೇ,” ಎಂದು ಉದ್ದಕ್ಕ ಅದರ ಮೇಲೆ ಬೆರಳಿಟ್ಟಳು. “ಕಣ್ಣು ಮುಚ್ಕೊಂಡು ಇಳೀಬಹುದು.”

ಅಪ್ಪ ಬಾಗಿಲ ಬಳಿ ಕುಳಿತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. “ಅಪ್ಪಾ, ಇದು ನಿನ್ನ ಕೈಯದೇ ಅಲ್ವಾ?” ಎಂದು ಕೇಳಿದೆ. ಅವನು ಎದ್ದು ಬಂದು ನೋಡಿದ. “ಹೂಂ,” ಎಂದ. ಮತ್ತೆ ಹೋಗಿ ಅದೇ ಬೂಟಿಗೆ ಮೊದಲಿನಿಂದ ಪಾಲಿಶ್ ಹಚ್ಚಲು ಶುರುಮಾಡಿದ.

ಎರಡು ದಿನ ಅವನು ಸರಿಯಾಗಿ ಮಾತಾಡಲಿಲ್ಲ. ಅಮ್ಮ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ದನಿ ಕೇಳಿಯೇ ಮನುಷ್ಯನ ಸಂಕಟ ಅಳೆಯುವವಳು. “ನಿನ್ನ ಅಪ್ಪನ ಗಂಟಲಲ್ಲಿ ಏನೋ ಸಿಕ್ಕಾಕೊಂಡಿದೆ ಕಣೇ,” ಎಂದಳು. “ನಾನು ಕೇಳಿದ್ರೆ ಹೇಳ್ತಿಲ್ಲ. ನಿನಗೆ ಹೇಳೋ ವಿಷಯ ಇರಬೇಕು.”

ಮೂರನೆಯ ದಿನ ಊಟದ ಬಿಡುವಿನಲ್ಲಿ ಅಪ್ಪ ನನ್ನ ಲ್ಯಾಬಿಗೇ ಬಂದ. ಅದುವರೆಗೆ ಒಮ್ಮೆಯೂ ಬಂದವನಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆ. ಸುತ್ತ ಶೆಲ್ಫುಗಳ ಮೇಲೆ ಪ್ಲಾಸ್ಟರಿನ ದವಡೆಗಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಅವುಗಳ ನಡುವೆ ಅಪ್ಪ ಟೋಪಿ ತೆಗೆದು ನಿಂತ.

“ಮೂರನೇ ತಗ್ಗಿಗೆ ಹೋಗಬೇಡ,” ಎಂದ. “ಅಲ್ಲಿನ ಗೆರೆ ಸುಳ್ಳು.”

“ಸುಳ್ಳು ಅಂದ್ರೆ?”

“ವಿಮಾನದಿಂದ ತೆಗೆದ ಫೋಟೋ ನೋಡ್ಕೊಂಡು ನಾವು ಬರೆಯೋದು. ಆ ಜಾಗದ ಮೇಲೆ ಮೋಡ ಕೂತಿತ್ತು. ಈಚೆ ಕಡೆ ಕಾಣ್ತಿತ್ತು, ಆಚೆ ಕಡೆ ಬರೀ ಬಿಳಿ. ಇನ್ನೊಂದು ಫೋಟೋ ಬರುತ್ತೆ ಅಂದ್ರು, ಬರಲಿಲ್ಲ. ಹಾಳೆ ಅಚ್ಚಿಗೆ ಹೋಗಬೇಕಿತ್ತು. ಈಚೆ ಹೇಗಿದೆಯೋ ಆಚೇನೂ ಹಾಗೇ ಇರುತ್ತೆ ಅಂತ ಊಹೆ ಮಾಡಿ ಬರೆದೆ.”

“ಊಹೆ ಮಾಡಿದ ಕಡೆ ಗೆರೆ ಬಿಟ್ಟು ಬಿಟ್ಟು ಹಾಕ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದೆ.”

“ಹಾಕಿದ್ದೆ. ಮೇಲಿನವರು, ನೋಡೋಕೆ ಚೆನ್ನಾಗಿಲ್ಲ, ಕೂಡಿಸಿಬಿಡು ಅಂದ್ರು. ಕೂಡಿಸಿಬಿಟ್ಟೆ. ಹದಿನೆಂಟು ವರ್ಷ ಆಯ್ತು. ಅಲ್ಲಿಗೆ ಯಾರು ಹೋಗ್ತಾರೆ ಅಂದ್ಕೊಂಡೆ. ನನ್ನ ಮಗಳೇ ಹೋಗ್ತಾಳೆ ಅಂತ...”

ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕಂದಿನಿಂದ ಆ ಕಂದು ಗೆರೆಗಳನ್ನು ನಾನು ನಂಬಿದ್ದೆ.

“ಅಂದ್ರೆ ಬೇರೆಯವರ ಮಗಳು ಹೋಗಿದ್ರೆ ಪರವಾಗಿರಲಿಲ್ವಾ?”

ಅಪ್ಪ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ, ಮೇಜಿನ ಮೇಲೆ ಹಾಳೆ ಇಟ್ಟ, ಹೋದ. ಮೆಟ್ಟಿಲಿಳಿಯುವ ಅವನ ಹೆಜ್ಜೆ ಸದ್ದು ಕೊನೆಯವರೆಗೂ ಕೇಳಿಸಿತು. ಮೂವತ್ತೇಳು ವರ್ಷ ಕಳೆದರೂ ಆ ಮಾತು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಕೇಳಿದ ದನಿಯಲ್ಲಿತ್ತು.

ಉದ್ದಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಯಲ್ಲಿದ್ದ ದವಡೆಗೆ ಒಂದು ಹಲ್ಲು ಕೂರಿಸಿ, “ಅವರನ್ನೂ ಕರ್ಕೊಂಡು ಹೋಗೋಣ,” ಎಂದಳು.

“ಎಲ್ಲಿಗೆ?”

“ಮೂರನೇ ತಗ್ಗಿಗೆ. ನೋಡಿ ಬರೋಣ ಅಲ್ಲೇನಿದೆ ಅಂತ. ದಾಟೋಕೆ ಎರಡನೇದು ಇದ್ದೇ ಇದೆ. ಅಲ್ಲಿನ ಗೆರೆ ನಿಜವಾ ಕೇಳು, ಅಷ್ಟು ಸಾಕು.”

ಸಂಜೆ ಕೇಳಿದೆ. “ಎರಡನೇದರ ಒಂದೊಂದು ಗೆರೆಗೂ ನಾನು ಜವಾಬ್ದಾರಿ,” ಎಂದ ಅಪ್ಪ. ಬರುತ್ತೀಯಾ ಎಂದಾಗ ಐವತ್ತೈದು ವರ್ಷದ ಆ ಮನುಷ್ಯ ಅಮ್ಮನ ಮುಖ ನೋಡಿದ. “ನನ್ನನ್ನೇನು ನೋಡ್ತೀಯ? ಹೋಗು,” ಎಂದಳು ಅಮ್ಮ. “ಆ ಗಂಟಲಲ್ಲಿರೋದನ್ನ ಅಲ್ಲೇ ಇಳಿಸಿ ಬಾ.”

ಮುಂದಿನ ಎರಡು ತಿಂಗಳು ಅಪ್ಪ ಚೀಲಕ್ಕೆ ಹಳೆಯ ಇಸ್ತ್ರಿಪೆಟ್ಟಿಗೆ, ಎರಡು ಇಟ್ಟಿಗೆ ತುಂಬಿಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಇಳಿದ. “ಬೆಟ್ಟ ಹತ್ತೋಕೆ ಹೋಗ್ತಿದಾನೋ ಅಲ್ಲೊಂದು ಮನೆ ಕಟ್ಟೋಕೋ,” ಎಂದು ಅಮ್ಮ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದಳು.

ಬಸ್ಸು ಇಳಿದ ಮೊದಲ ದಿನ ಅರ್ಧ ಹೊತ್ತು ಕಾಲುದಾರಿಯಲ್ಲೇ ನಡೆದು, ಒಂದು ಒಣಮರದ ಬಳಿ ಅದನ್ನು ಬಿಟ್ಟೆವು. ಅಲ್ಲಿಂದಾಚೆ ಅಪ್ಪನೇ ಬೇರೆ. ಹಾಳೆ ತೆಗೆಯಲೇ ಇಲ್ಲ. “ಈ ದಿಣ್ಣೆ ಮುಗಿದ ಮೇಲೆ ಎಡಕ್ಕೆ ಒಂದು ಹಳ್ಳ ಬರುತ್ತೆ,” ಎನ್ನುತ್ತಿದ್ದ; ಬರುತ್ತಿತ್ತು. “ಅಲ್ಲಿ ಕೈ ಮಡಚಿದ ಹಾಗೆ ಒಂದು ತಿರುವು,” ಎನ್ನುತ್ತಿದ್ದ, ಇರುತ್ತಿತ್ತು. ಹಳ್ಳ ಸಿಕ್ಕಾಗ ಅವನು ಬಗ್ಗಿ ನೀರು ಮುಟ್ಟಿದ. “ಇದನ್ನ ನೀಲಿ ಶಾಯೀಲಿ ಬರೆದವನು ನನ್ನ ಪಕ್ಕದ ಮೇಜಿನವನು. ಪಾಪ, ಹೋಗಿಬಿಟ್ಟ. ಇಷ್ಟು ತಣ್ಣಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ,” ಎಂದ.

ಎರಡನೆಯ ದಿನ ಚೀಲಗಳನ್ನು ಡೇರೆಯಲ್ಲೇ ಬಿಟ್ಟು ಮೂರನೆಯ ತಗ್ಗಿಗೆ ಹೊರಟೆವು. ಏರು ಸರಾಗವಾಗಿತ್ತು. ಹುಲ್ಲು, ಅಲ್ಲಲ್ಲಿ ಬಂಡೆ, ಮತ್ತೆ ಹುಲ್ಲು. ಹಾಳೆಯಲ್ಲಿದ್ದಂತೆಯೇ. ಅಪ್ಪನ ನಡಿಗೆ ಚುರುಕಾಯಿತು. “ಏನು ಗೊತ್ತು, ಆಚೇನೂ ಹೀಗೇ ಇದ್ರೂ ಇರಬಹುದು,” ಎಂದು ತನಗೆ ತಾನೇ ಹೇಳಿಕೊಂಡ. ನನಗೂ ಆಸೆ ಹುಟ್ಟಿತು. ಇರಲಿ, ಹಾಗೇ ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನೆತ್ತಿಗೆ ಬಂದಾಗ ಮುಂದೆ ನಡೆಯುತ್ತಿದ್ದ ಉದ್ದಕ್ಕ ಕೈ ಚಾಚಿ ನಮ್ಮಿಬ್ಬರನ್ನೂ ತಡೆದಳು.

ಆಚೆ ನೆಲ ಇರಲಿಲ್ಲ. ಹುಲ್ಲು ಕೊಯ್ದ ಹಾಗೆ ನಿಂತು, ಅಲ್ಲಿಂದ ಕರಿಬಂಡೆ ನೇರ ಕೆಳಗೆ ಇಳಿದಿತ್ತು. ನಾವು ಮೂವರೂ ಹೊಟ್ಟೆಯ ಮೇಲೆ ಮಲಗಿ ಇಣುಕಿದೆವು. ತಳದಲ್ಲಿ ಅಂಗೈಯಗಲ ಕಾಣುವ ಹಸಿರು ಕೆರೆ. ಹಾಳೆಯಲ್ಲಿ ಅದರ ಸುಳಿವೇ ಇಲ್ಲ. ಉದ್ದಕ್ಕ ಒಂದು ಕಲ್ಲು ಬಿಟ್ಟಳು. ಅದು ಬಿದ್ದ ಸದ್ದು ನಮಗೆ ಕೇಳಿಸಲೇ ಇಲ್ಲ.

“ಮಂಜು ಕವಿದ ದಿನ ಬಂದಿದ್ರೆ...” ಎಂದ ಅಪ್ಪ. ಅವನ ಕೆನ್ನೆ ಹುಲ್ಲಿಗೆ ಒತ್ತಿಕೊಂಡಿತ್ತು. ಅವನು ಅಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅವನು ಎದ್ದು ಕುಳಿತು ಮೂಗು ಒರೆಸಿಕೊಂಡು, ಜೇಬಿನಿಂದ ಪೆನ್ಸಿಲ್ ಮತ್ತು ಮಡಚಿದ ಕಾಗದ ತೆಗೆದ. ಎರಡು ಗಂಟೆ ಬರೆದ. ಅಂಚಿನುದ್ದಕ್ಕೂ ಹೆಜ್ಜೆ ಎಣಿಸಿದ, ತೋಳು ಚಾಚಿ ಪೆನ್ಸಿಲ್ಲಿನಲ್ಲಿ ಎತ್ತರ ಅಳೆದ, ಮತ್ತೆ ಬರೆದ. ಗಾಳಿಗೆ ಕಾಗದ ಹಾರದಂತೆ ನಾನು ಅದರ ಮೂಲೆಗಳನ್ನು ಹಿಡಿದುಕೊಂಡಿದ್ದೆ. ನಮ್ಮ ತಲೆಗಳು ಹತ್ತಿರವಿದ್ದವು.

“ಅವತ್ತು ಹಾಗೆ ಅನ್ನಬಾರದಿತ್ತು ಅಪ್ಪಾ,” ಎಂದೆ.

“ಅನ್ನಬೇಕಿತ್ತು. ಹದಿನೆಂಟು ವರ್ಷ ಯಾರೂ ಅನ್ನಲಿಲ್ಲ, ಅದೇ ತಪ್ಪಾಗಿದ್ದು. ಆ ಮೂಲೆ ಬಿಗಿಯಾಗಿ ಹಿಡಿ.”

ಮರುದಿನ ಎರಡನೆಯ ತಗ್ಗು ದಾಟಿದೆವು. ಅದೇನು ಹುಡುಗಾಟವಲ್ಲ. ಜಾರುವ ಕಲ್ಲುಪುಡಿ; ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ. ನಡುವೆ ಅಪ್ಪನ ಮೊಣಕಾಲು ಹಿಡಿದುಕೊಂಡಿತು. ಉದ್ದಕ್ಕ ಅವನ ಚೀಲವನ್ನೂ ಎದೆಗೆ ಹಾಕಿಕೊಂಡಳು, ನಾನು ಹಿಂದಿನಿಂದ ತಳ್ಳಿದೆ. ಸುಸ್ತಾಗಿ ಕೈಚೆಲ್ಲುವ ಹೊತ್ತಿಗೆ, “ಇನ್ನು ಮೂವತ್ತು ಹೆಜ್ಜೆ. ಆಮೇಲೆ ಕೂರೋಕೆ ಚಪ್ಪಟೆ ಜಾಗ ಇದೆ,” ಎಂದ ಅಪ್ಪ. ಇತ್ತು. ಮೂವರು ಕಾಲು ಚಾಚಿ ಕೂರುವಷ್ಟು. ಅಲ್ಲಿ ಕುಳಿತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. “ಈ ಜಾಗ ಬರೆಯೋವಾಗ ಪೆನ್ನು ಸಿಕ್ಕಿಕೊಂಡಿತ್ತು,” ಎಂದು ಅಪ್ಪ ನೆನೆಸಿಕೊಂಡ. ಒಂದು ಗಂಟೆಯ ನಂತರ ಬೆಟ್ಟದ ಬೆನ್ನಿನ ಮೇಲೆ ನಿಂತಿದ್ದೆವು. ಆಚೆ ಕಣಿವೆ ಪೂರ್ತಿ ಬಿಸಿಲಿನಲ್ಲಿತ್ತು. ಅಪ್ಪ ಎರಡೂ ಕೈ ಬಾಯಿಗೆ ಒಡ್ಡಿ “ಹೋ” ಎಂದು ಕೂಗಿದ. ಅವನು ಅಷ್ಟು ಜೋರಾಗಿ ಕೂಗಬಲ್ಲ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಸೋಮವಾರವೇ ಅಪ್ಪ ಕಚೇರಿಗೆ ಪತ್ರ ಬರೆದು, ಪೆನ್ಸಿಲ್ ಚಿತ್ರ ಲಗತ್ತಿಸಿ ಕೊಟ್ಟ. ತಪ್ಪು ತನ್ನದು ಎಂದೇ ಬರೆದಿದ್ದ. ಕೂಡಿಸಿಬಿಡು ಎಂದವರ ಹೆಸರು ಎತ್ತಲಿಲ್ಲ. ಚೆನ್ನಾಗಿ ಬೈಸಿಕೊಂಡ. ಗೆರೆಯ ಮೇಜಿನಿಂದ ತೆಗೆದು ಅಕ್ಷರದ ಮೇಜಿಗೆ ಹಾಕಿದರು. ನಿವೃತ್ತಿಯವರೆಗೂ ಅವನದು ಹೆಸರು ಬರೆಯುವ ಕೆಲಸವೇ ಆಯಿತು. ನಾಲ್ಕು ವರ್ಷದ ಮೇಲೆ ಹೊಸ ಹಾಳೆ ಅಚ್ಚಾಯಿತು. ಪ್ರಪಾತ ಇತ್ತು, ಕೆರೆಯೂ ಇತ್ತು. ಕೆರೆಗೆ ಹೆಸರಿರಲಿಲ್ಲವಾದ್ದರಿಂದ ಅಪ್ಪನಿಗೆ ಅಲ್ಲಿ ಬರೆಯಲು ಏನೂ ಇರಲಿಲ್ಲ. ಆದರೂ ಹಾಳೆ ತಂದು ತೋರಿಸಿದ. ಅದನ್ನು ಮಾತ್ರ ಅಮ್ಮ ಕಪಾಟಿಗೆ ಹಾಸಲಿಲ್ಲ.

ಆಮೇಲೆ ಒಂಬತ್ತು ವರ್ಷ ಅವನು ತಪ್ಪದೆ ನಮ್ಮ ಜೊತೆ ಬಂದ. ಬೆಟ್ಟಕ್ಕಿಂತಲೂ ಆರಿಸುವ ಆ ಭಾನುವಾರಗಳೇ ನನಗೆ ಹೆಚ್ಚು ನೆನಪಾಗುತ್ತವೆ. ಹಾಳೆಯ ಮೇಲೆ ಬಗ್ಗಿದ ಮೂರು ತಲೆ, ಉದ್ದಕ್ಕನ ಉದ್ದ ಬೆರಳು, “ಮೊಣಕೈ ತೆಗೀರಿ, ತಟ್ಟೆ ಇಡಬೇಕು,” ಎನ್ನುವ ಅಮ್ಮ. ಅಪ್ಪ ಒಂದೊಂದು ತಗ್ಗನ್ನೂ ಬಹಳ ಹೊತ್ತು ನೋಡಿ, “ಇದು ಯಾರ ಕೈ ಗೊತ್ತು, ನಂಬಬಹುದು,” ಎನ್ನುತ್ತಿದ್ದ, ಇಲ್ಲವೇ, “ಇವನಿಗೆ ಸೋಮವಾರ ಕೈ ನಡುಗ್ತಿತ್ತು, ಬೇಡ.”

ಕೊನೆಯ ಸಲ ಅವನು ಆರಿಸಿದ್ದು ತೀರಾ ತಗ್ಗಾದ, ಒಳ್ಳೆಯ ಕಾಲುದಾರಿ ಇದ್ದ ಜಾಗ. ಉದ್ದಕ್ಕನ ಮೊಣಕಾಲಿಗೆ ಇದೇ ವಾಸಿ ಎಂದ. ಅವಳ ಮೊಣಕಾಲು ಕಲ್ಲಿನಂತೆ ಗಟ್ಟಿಯಾಗಿತ್ತು; ನೋಯುತ್ತಿದ್ದದ್ದು ಅವನದು. ಆದರೂ ಅವಳು, “ಹೌದು, ಈಚೆಗೆ ಸ್ವಲ್ಪ ನೋವೇ,” ಎಂದು ತಿಕ್ಕಿಕೊಂಡಳು. ಮೋಡ, ಮಳೆ; ದಾಟುವಾಗ ಪಕ್ಕದವರ ಮುಖ ಬಿಟ್ಟು ಏನೂ ಕಾಣಲಿಲ್ಲ. ಅಪ್ಪ ದಾರಿಯುದ್ದಕ್ಕೂ ಹಳೆಯ ಕಚೇರಿಯ ಕಥೆ ಹೇಳಿ ನಗಿಸಿದ. ಮೂವರೂ ನೆಗಡಿ ಹಿಡಿಸಿಕೊಂಡು ಬಂದೆವು. ಒಂದು ವಾರ ಅಮ್ಮ ಬಿಸಿನೀರು ಕಾಯಿಸುತ್ತ, ಒಬ್ಬೊಬ್ಬರನ್ನೇ ಸರದಿಯ ಮೇಲೆ ಬೈದಳು.