ಪರಪ್ಪ ಕೂತ ಕುರ್ಚಿ

ಅಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗಲೂ ಪ್ರಭಾಳಿಗೆ ಒಂದೇ ಚಿಂತೆ: ತಿರುಮಲೇಶ ಎದುರಿಗೆ ಬಂದರೆ ತಾನು ನಕ್ಕುಬಿಡುತ್ತೇನೆ. ಹಿರಿಯರನ್ನು ಕಂಡರೆ ತುಟಿ ತಾನಾಗಿ ಅಗಲವಾಗುವ ಹಾಳು ಅಭ್ಯಾಸ ಅವಳದು. ಈ ವಾರವಿಡೀ ಡೈರಿಯಲ್ಲಿ ಅವನನ್ನು ಬಗೆಬಗೆಯಾಗಿ ಕೊಂದಿದ್ದಳು. ಒಮ್ಮೆ ಕೊಳಚೆ ನೀರಿನ ಬಾವಿಗೇ ತಳ್ಳಿದ್ದಳು. ಎದುರಿಗೆ ಮಾತ್ರ ‘ನಮಸ್ಕಾರ ಅಂಕಲ್’ ಎನ್ನುವುದರಾಚೆ ದನಿ ಹೊರಟದ್ದಿಲ್ಲ.

ಇಂಗ್ಲಿಷರ ನಾಡಿನ ಸ್ಮಶಾನದ ಚಾಪೆಲಿನಲ್ಲಿ, ಆ ಪ್ರಾರ್ಥನೆಯ ಕೋಣೆಯಲ್ಲಿ, ಶವದ ಪೆಟ್ಟಿಗೆ ತೆರೆದಿಟ್ಟಿದ್ದರು. ಅಪ್ಪನ ಎಡಗೈಯಲ್ಲಿ ಲಿಂಗವಿತ್ತು.

“ಮಲಗಿಸಿ ಮಣ್ಣು ಕೊಡೂದಂದ್ರೇನ,” ಎಂದಳು ಅವ್ವನ ಚಿಕ್ಕಮ್ಮ ನೀಲವ್ವ. “ಬಿಜಾಪುರದಾಗ ಆಗಿದ್ರ ಸ್ವಾಮಿಗಳ ಹಂಗ ಕೂಡಿಸಿ ಕಳಸ್ತಿದ್ವಿ.”

“ಇಲ್ಲಿ ಕೌನ್ಸಿಲ್‌ನವರು ಒಪ್ಪಂಗಿಲ್ಲಂತ ಚಿಗವ್ವ,” ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅದೊಂದ ಸಂಕಟ ಉಳೀತು ನನಗ. ಕೂಡಸಲಿಲ್ಲ ಅವರನ್ನ.”

ಹಿಂದಿನಿಂದ ಬೂಟಿನ ಸದ್ದಾಯಿತು. ಪಂಪಿಂಗ್ ಸ್ಟೇಷನ್ನಿನ ಮ್ಯಾನೇಜರ್ ತಿರುಮಲೇಶ, ಹೊಸ ಕಪ್ಪು ಕೋಟಿನಲ್ಲಿ. ಜೊತೆಗೆ ಕಂಪನಿಯ ಹೆಡ್ ಆಫೀಸಿನಿಂದ ಬಂದ ಸುರಕ್ಷತಾ ಅಧಿಕಾರಿ, ಬಿಳಿಗೂದಲಿನ ಇಂಗ್ಲಿಷ್ ಹೆಂಗಸು, ಕೈಯಲ್ಲಿ ಹೂವಿನ ಚಕ್ರ.

“ಬಂದ್ರೇನ್ರೀ,” ಅವ್ವ ಕೈ ಮುಗಿದಳು. ನೀಲವ್ವನಿಗೆ ಪಿಸುಗುಟ್ಟಿದಳು: “ದೇವರಂಥಾ ಮನಷ್ಯಾ. ಇವರಿಗೆ ಕಾಲು ನೋವಾದಾಗ ದಿನಾ ತನ್ನ ಕಾರಿನಾಗ ಕರಕೊಂಡು ಹೋಗಿ ತಂದು ಬಿಡ್ತಿದ್ದ.”

ಪ್ರಭಾ ತಲೆ ಬಗ್ಗಿಸಿ ಬಿಲ್ವಪತ್ರೆಯನ್ನು ಜೋಡಿಸುತ್ತಾ ಉಳಿದಳು.

*

ಸ್ಟ್ರಾಟ್‌ಫರ್ಡಿನ ಆಚೆ, ಕೊಳಚೆ ನೀರನ್ನು ಎತ್ತಿ ಕಳಿಸುವ ಆ ಸ್ಟೇಷನ್ನಿನಲ್ಲಿ ಪ್ರಭಾಳ ಅಪ್ಪ ಪರಪ್ಪ ಬಾವಿಯ ಜಾಲರಿ ಸ್ವಚ್ಛ ಮಾಡಲು ಇಳಿದಿದ್ದಾಗ ಏಣಿಯ ಮೆಟ್ಟಿಲು ಕಿತ್ತು ಬಂದಿತ್ತು. ಬಿದ್ದ ಪೆಟ್ಟಿಗೆ ಮೊಣಕಾಲು ಕುಂಬಳಕಾಯಿಯಂತೆ ಊದಿತು. ಮರುದಿನ ಬೆಳಿಗ್ಗೆಯೇ ತಿರುಮಲೇಶ ಫ್ಲಾಟಿಗೆ ಬಂದ. ಪ್ರಭಾ ಚಹಾ ತಂದುಕೊಟ್ಟಳು.

“ನೋಡಿ ಪರಪ್ಪ, ಮೂರು ದಿನಕ್ಕಿಂತ ಜಾಸ್ತಿ ನೀವು ಕೆಲಸಕ್ಕೆ ಬರ್ಲಿಲ್ಲ ಅಂದ್ರೆ ಸರ್ಕಾರಕ್ಕೆ ರಿಪೋರ್ಟ್ ಮಾಡ್ಬೇಕು. ಇನ್‌ಸ್ಪೆಕ್ಟರ್ ಬಂದು ಏಣಿ ನೋಡ್ತಾನೆ. ನಮ್ ಸ್ಟೇಷನ್‌ಗೆ ಈ ವರ್ಷ ಅಪಘಾತ ಇಲ್ದಿರೋ ಪ್ರಶಸ್ತಿ ಬರೋದಿದೆ. ನೀವೇನೂ ಮಾಡ್ಬೇಡಿ, ಬಂದು ಕುರ್ಚಿ ಮೇಲೆ ಕೂತಿರಿ, ಸಾಕು.”

“ಡಾಕ್ಟರು ಮಲಗು ಅಂದಾರ್ರೀ.”

“ಡಾಕ್ಟರ್‌ಗೇನ್ ಗೊತ್ತು? ನಾನೇ ಕರ್ಕೊಂಡು ಹೋಗ್ತೀನಿ.”

ಲಿಫ್ಟ್ ಕೆಟ್ಟಿತ್ತು. ಅಪ್ಪ ಒಂದೊಂದೇ ಮೆಟ್ಟಿಲ ಮೇಲೆ ಕುಂಡೆಯೂರಿ ಕೆಳಗಿಳಿದ. “ಸಾಹೇಬರು ಮನಿತನಕ ಬಂದಾರ, ಒಲ್ಲೆ ಅನ್ನಾಕಾಗ್ತದೇನು?” ಎಂದ. ಸಂಜೆ ಮರಳಿದಾಗ ಅವನದೇ ತಮಾಷೆ: “ಮಠದ ಸ್ವಾಮಿಗಳ ಹಂಗ ದಿನಾ ಪೂರ್ತಿ ಕುಂತಿದ್ದೆ. ಕಾಲಿಗೆ ಬೀಳವ್ರು ಮಾತ್ರ ಒಬ್ರೂ ಬರಲಿಲ್ಲ.”

ಎರಡು ವಾರ ಹಾಗೆಯೇ ಕೂತ. ಒಂದು ಮಧ್ಯಾಹ್ನ ಅದೇ ಕುರ್ಚಿಯಿಂದ ಪಕ್ಕಕ್ಕೆ ವಾಲಿದ. ಕೂತು ಕೂತು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿದೆ ಎಂದರು ಆಸ್ಪತ್ರೆಯವರು. ಪ್ರಭಾ ಅಲ್ಲಿಗೆ ಓಡಿ ಬರುವ ಹೊತ್ತಿಗೆ ತಿರುಮಲೇಶ ಡಾಕ್ಟರರಿಗೆ ಎಲ್ಲ ಹೇಳಿ ಮುಗಿಸಿದ್ದ: ಎಲ್ಲೂ ಬಿದ್ದಿಲ್ಲ, ಪೆಟ್ಟಾಗಿಲ್ಲ, ಹಳೆಯ ಮಂಡಿನೋವು.

ಆಮೇಲೆ ಅವಳು ಲೈಬ್ರರಿಗೆ ಹೋಗಿ ಆ ನಿಯಮವನ್ನು ಓದಿದಳು. ಪೆಟ್ಟು ತಿಂದವನು ತನ್ನ ಕೆಲಸ ಮಾಡಲಾರದೆ ಹೋದರೆ ಸಾಕು, ವರದಿ ಮಾಡಲೇಬೇಕು. ಅವನನ್ನು ತಂದು ಎಲ್ಲಿ ಕೂಡಿಸಿದರೂ ತಪ್ಪುವುದಿಲ್ಲ. ತಿರುಮಲೇಶ ಅದನ್ನು ಪೂರ್ತಿ ಓದಿಯೇ ಇರಲಿಲ್ಲ. ಅಪ್ಪ ಸತ್ತ ಮೇಲೆ ಅಂದು ಮೊದಲ ಸಲ ಅವಳಿಗೆ ಹಸಿವಾಯಿತು.

*

ಕುಣಿಯ ಸುತ್ತ ಜೇಡಿಮಣ್ಣು ಒದ್ದೆಯಾಗಿತ್ತು. ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ತಿರುಮಲೇಶನೂ ಬಗ್ಗಿ ಮುಷ್ಟಿ ತುಂಬಿಕೊಂಡ. ಪಕ್ಕದಲ್ಲಿದ್ದ ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದ: “ಇಂಥ ಕೆಲಸಗಾರ ಸಿಗುವುದಿಲ್ಲ. ಕೊನೆಯವರೆಗೂ ಒಂದು ದಿನ ರಜೆ ಹಾಕಿದವನಲ್ಲ.” ಪ್ರಭಾಳತ್ತ ತಿರುಗಿದ. “ಅಲ್ವಾ ಪುಟ್ಟಾ?”

“ಹೂಂ ಅನ್ನವಾ,” ಅವ್ವ ಮೊಣಕೈಯಿಂದ ತಿವಿದಳು.

ಪ್ರಭಾ ನಕ್ಕಳು. ಹೆದರಿದ್ದಂತೆಯೇ ಆಯಿತು, ತುಟಿ ತಾನಾಗಿ ಅಗಲವಾಯಿತು. ಆ ನಗೆ ಮುಖದ ಮೇಲಿರುವಾಗಲೇ ದನಿ ಹೊರಬಂತು, ಆ ಅಧಿಕಾರಿಯ ಭಾಷೆಯಲ್ಲಿ: “ನಮ್ಮಪ್ಪ ನಿಮ್ಮ ಏಣಿಯಿಂದ ಬಿದ್ದರು. ಆಮೇಲೆ ಕೆಲಸ ಮಾಡಲಿಲ್ಲ. ವರದಿ ಮಾಡಬೇಕಾಗಬಾರದೆಂದು ಇವರು ಅವರನ್ನು ಸಾಯುವವರೆಗೆ ಕುರ್ಚಿಯಲ್ಲಿ ಕೂಡಿಸಿದ್ದರು.”

“ಯಾವ ಏಣಿ?” ಆಕೆ ಪ್ರಭಾಳನ್ನಲ್ಲ, ತಿರುಮಲೇಶನನ್ನು ಕೇಳಿದಳು.

“ಮೇಡಂ, ಹುಡುಗಿ ದುಃಖದಲ್ಲಿ…”

“ಏನಂದಿ?” ಅವ್ವ ಮಗಳ ತೋಳು ಹಿಡಿದಳು. “ಪ್ರಭಾ, ಏನಂದಿ ಅವರಿಗೆ?”

“ಅಪ್ಪನ್ನ ಕೂಡಸಲಿಲ್ಲ ಅಂತ ಅಳತಿದ್ದೆಲ್ಲ ಅವ್ವಾ. ಜೀವ ಇದ್ದಾಗನ ಕೂಡಿಸಿ ಕೊಂದಾರ, ಇವರು. ಅದನ್ನ ಹೇಳಿದೆ.”

ಅವ್ವ ಮಗಳ ತೋಳು ಬಿಟ್ಟಳು. ಆಮೇಲೆ ತಿರುಮಲೇಶನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕುಣಿಯಿಂದ ಆಚೆಗೆ ಎಳೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣ್ಣು ಅವನ ಬೂಟಿನ ಮೇಲೆ ಬಿತ್ತು.