ಒತ್ತಿದ್ರೂ ಕೂಗಿದಂಗೇ

"ಏಯ್ ದಾಸಿ, ಕೂಸಿಗೆ ಮೊಲೆ ಕೊಟ್ಟಿದ್ದು ಸಾಕು, ಎದ್ದೇಳೇ! ನೆಳ್ಳಲ್ಲಿ ಕುಂತು ಮೆರಿಯಾಕೆ ಮರ ಏನು ನಿಮ್ಮಪ್ಪಂದಾ?"

ಹುಣಸೆಹಣ್ಣು ಆಯುತ್ತಿದ್ದ ಹೆಂಗಸರು ತಲೆ ಬಗ್ಗಿಸಿದರು. ದಾಸಮ್ಮ ಮಗಳನ್ನು ಮೆಲ್ಲಗೆ ಬಿಡಿಸಿ ಭುಜಕ್ಕೆ ಹಾಕಿಕೊಂಡು, ತೇಗು ಬರುವ ತನಕ ಬೆನ್ನು ಸವರಿದಳು. ಕೂಗಾಡುತ್ತಲೇ ಬಂದ ಗೌಡರ ಹನುಮಂತರಾಜು ಅವಳ ಮಂಕರಿಯನ್ನು ಕಾಲಲ್ಲಿ ಒದ್ದ. ಹಣ್ಣು ಚೆಲ್ಲಾಡಿತು.

ಅಷ್ಟರಲ್ಲಿ ಬಡವನಹಳ್ಳಿ ಕಡೆಯಿಂದ ಬಂದ ಬೈಕೊಂದು ಕೆರೆ ಏರಿಯ ಮೇಲೆ ನಿಂತಿತು. ಪಂಚಾಯ್ತಿ ಆಫೀಸಿನ ಅಂಜನ್ ಕುಮಾರ್ ಫೋನ್ ನೋಡಿಕೊಂಡು ಕೂಗಿದ. "ದಾಸಮ್ಮ ಯಾರ್ರೀ? ಈ ಏರಿ ಮರಗಳ ಹರಾಜು ಹಿಡಿದೋರು?"

ಹೆಂಗಸರಿಗೆ ನಗು ಬಂತು. "ನಮ್ ದಾಸಮ್ಮ ಕೂಲಿಯೋಳು, ಸಾ!"

"ಪರಿಶಿಷ್ಟರಿಗೆ ಮೀಸಲಿದ್ದ ಮರ ಇವು. ಆನ್‌ಲೈನಲ್ಲಿ ಕೂಗಿರೋದು ದಾಸಮ್ಮನೇ, ಹೆಬ್ಬೆಟ್ಟೂ ಇದೆ. ಹರಾಜಿನ ಬಾಕಿ ಕಟ್ಟದೆ ಹಣ್ಣು ಬಡಿಸ್ತಾ ಇದೀರ. ಕೇಸಾಗುತ್ತೆ."

ದಾಸಮ್ಮ ಕೂಸನ್ನು ಅವಚಿಕೊಂಡು ಮುಂದೆ ಬಂದಳು. "ನಾನೆಲ್ಲಿ ಕೂಗ್ದೆ ಸಾ? ಮನೆ ಮಂಜೂರಾಯ್ತದೆ, ಮಿಷಿನ್ ಮೇಲೆ ಒತ್ತೇ ಅಂದ್ರು ಗೌಡ್ರು. ಒತ್ತಿದೆ."

"ನನ್ನೇನ್ ನೋಡ್ತೀಯೇ?" ಅಂದ ಹನುಮಂತರಾಜು. "ಹೆಬ್ಬೆಟ್ಟು ನಿಂದೋ ನಂದೋ?"

"ಬಾಯಲ್ಲಿ ಕೂಗ್ದಲೆ ಹರಾಜು ಹೆಂಗಾಯ್ತದೆ ಸಾ?"

"ಒತ್ತಿದ್ರೂ ಕೂಗಿದಂಗೇ ಕಣಮ್ಮ. ಒಪ್ಪಂದ ಆದಂಗೆ. ಮೋಸ ಅಂದ್ರೆ ಮಧುಗಿರಿ ಕೋರ್ಟಿಗೆ ಹೋಗು. ಅಲ್ಲೀ ತನಕ ಬಾಕಿ ನಿನ್ನ ತಲೆ ಮೇಲೇ."

ಹನುಮಂತರಾಜು ಬಿದ್ದು ಬಿದ್ದು ನಕ್ಕ. "ಹೋಗೇ ಬೋಸುಡಿ! ನಿಮಗೆ ಬಸ್ಸೇನೋ ಪುಕ್ಕಟೆ. ವಕೀಲನೂ ಪುಕ್ಕಟೆ ಸಿಗ್ತಾನಾ?"

ಏರಿ ಬದಿಯಲ್ಲಿ ಹುಣಸೆಹಣ್ಣಿನ ಮೂಟೆ ತುಂಬಿದ ಟ್ರಾಕ್ಟರ್ ನಿಂತಿತ್ತು. ದಾಸಮ್ಮ ಅದನ್ನೇ ನೋಡಿದಳು.

"ಬಾಕಿ ನಂದು ಅಂದ್ರೆ, ಹಣ್ಣು ಯಾರ್ದು ಸಾ?"

ಅಂಜನ್ ಕುಮಾರ್ ಗೌಡನ ಮುಖ ನೋಡಿದ. ಫೋನನ್ನು ಜೇಬಿಗಿಟ್ಟ.

"ಲೆಕ್ಕಕ್ಕೆ... ನಿಂದೇ."

ದಾಸಮ್ಮ ಮಗಳನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಳು. ಚಕ್ರದ ಮೇಲೆ ಕಾಲಿಟ್ಟು ಹತ್ತಿ ಮೂಟೆಗಳ ಮೇಲೆ ಕೂತಳು.

"ಇಳಿಯೇ ಮುಂಡೆ!"

"ಇಳಿಯಾಕಿಲ್ಲ."

"ಪೆದ್ದಣ್ಣ, ಗಾಡಿ ಬುಡ್ಲಾ!"

ಡ್ರೈವರ್ ಪೆದ್ದಣ್ಣ ತಲೆಯೆತ್ತಿ ಕೂಸನ್ನು ನೋಡಿದ. ಕೀಲಿ ಅಲ್ಲೇ ಬಿಟ್ಟು ಕೆಳಗಿಳಿದ.

ಹನುಮಂತರಾಜು ತಾನೇ ಹತ್ತಿ ಕೀಲಿ ತಿರುವಿದ. ಏರಿಯ ಇಳಿಜಾರಿನಲ್ಲಿ ಟ್ರಾಕ್ಟರ್ ಕುಲುಕಿ ಮುಂದಕ್ಕೆ ನುಗ್ಗಿತು. ಕೂಸು ಚೀರಿತು. ಮೂಟೆಗಳು ಜಾರತೊಡಗಿದವು. ದಾಸಮ್ಮ ಒಂದು ಕೈಯಲ್ಲಿ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ಇನ್ನೊಂದು ಕೈ ಮೂಟೆ ಬಿಗಿದ ಹಗ್ಗವನ್ನು ಬಿಡಲಿಲ್ಲ.